ಧಾರವಾಡದ ಒಂದು ಕ್ಯಾಸೆಟ್ ಅಂಗಡಿ: ಮುಚ್ಚಿದ್ದು ಹೇಗೆ, ಕಳೆದದ್ದು ಏನು

ಧಾರವಾಡದ ಮಾರ್ಕೆಟ್ ಕಡೆ ಇದ್ದ ಒಂದು ಕ್ಯಾಸೆಟ್ ಅಂಗಡಿಯ ಪ್ರಕರಣ ಇದು. ಅಂಗಡಿಯ ಹೆಸರನ್ನೂ ಮಾಲಕರ ಹೆಸರನ್ನೂ ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ. ಬಾಗಿಲು ಹಾಕಿದಾಗ ಊರಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ಜಿಯೋ ಬಂತು, ಅಂಗಡಿ ಹೋಯಿತು. ನಾನು ಇದನ್ನು ಒಪ್ಪುವುದಿಲ್ಲ. ಜಿಯೋ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ಅಲ್ಲಿ ಅರ್ಧ ಕಪಾಟು ಖಾಲಿಯಾಗಿತ್ತು, ಉಳಿದರ್ಧದ ಮುಂದೆ ಇಯರ್‌ಫೋನು, ಚಾರ್ಜರು ನೇತಾಡುತ್ತಿದ್ದವು. ಅಂಗಡಿ ಯಾರ ದುಡ್ಡಿನಲ್ಲಿ ನಡೆಯುತ್ತಿತ್ತು, ಆ ದುಡ್ಡು ಯಾವಾಗ ನಿಂತಿತು ಅಂತ ಕೂತು ನೋಡಿದರೆ ಬೇರೆಯದೇ ಕಥೆ ಸಿಗುತ್ತದೆ. ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ, ನನಗೆ ಜಾಸ್ತಿ ಸಂಕಟ ಅದರದ್ದೇ. ಅಲ್ಲಿದ್ದ ಒಂದಿಷ್ಟು ದನಿಗಳು ಇವತ್ತು ಎಲ್ಲೂ ಸಿಗುವುದಿಲ್ಲ. ಸಿಗುತ್ತಿಲ್ಲ ಅನ್ನೋದು ಕೂಡ ಯಾರ ಗಮನಕ್ಕೂ ಬರುವುದಿಲ್ಲ.

ಒಳಗೆ ಏನಿತ್ತು

ಅಗಲ ಕಮ್ಮಿ, ಉದ್ದ ಜಾಸ್ತಿ ಇದ್ದ ಅಂಗಡಿ. ಎರಡೂ ಗೋಡೆಗೆ ನೆಲದಿಂದ ಮಾಡಿನವರೆಗೆ ಮರದ ಕಪಾಟು. ಎಡಗಡೆ ಪೂರ್ತಿ ಸಿನಿಮಾ: ಕನ್ನಡ, ಹಿಂದಿ, ಒಂದು ಸಾಲು ಮರಾಠಿ. ಬಲಗಡೆ ಮುಂಭಾಗದಲ್ಲಿ ಭಕ್ತಿಗೀತೆ, ಭಾವಗೀತೆ, ನಾಟಕದ ಕ್ಯಾಸೆಟ್. ಅದರಾಚೆ ಹಿಂದುಸ್ತಾನಿ. ಕೊನೆಗೆ, ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಬೀಳದ ಕಡೆ, ನಮ್ಮ ಸುತ್ತಮುತ್ತಲ ಹಳ್ಳಿಗಳ ಮಾಲು: ಗೀಗೀ ಪದ, ಡೊಳ್ಳಿನ ಪದ, ಮೊಹರಂನಲ್ಲಿ ಕರ್ಬಲಾ ಯುದ್ಧದ ಶೋಕ ಹಾಡುವ ರಿವಾಯತ್ ಪದ, ಕೃಷ್ಣ ಪಾರಿಜಾತ ಬಯಲಾಟದ ಹಾಡು, ಶಿಶುನಾಳ ಶರೀಫರ ತತ್ವಪದಗಳನ್ನು ಭಜನಾ ಮೇಳದವರು ಹಾಡಿದ್ದು. ಕೌಂಟರಿನ ಕೆಳಗೆ ಎಲ್.ಪಿ. (ಲಾಂಗ್ ಪ್ಲೇ) ರೆಕಾರ್ಡುಗಳು. ಅದಕ್ಕೂ ಹಳೆಯ, ನಿಮಿಷಕ್ಕೆ 78 ಸುತ್ತು ತಿರುಗುವ 78ರ ಪ್ಲೇಟುಗಳು ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ.

ಪ್ಲೇಟುಗಳು ಮಾಲಕರ ತಂದೆಯ ಕಾಲದವು. ಆಗ ಅದು ಸೌಂಡ್ ಸರ್ವಿಸ್. ಮದುವೆಗೆ, ಜಾತ್ರೆಗೆ ಲೌಡ್‌ಸ್ಪೀಕರ್ ಮತ್ತು ಗ್ರಾಮಫೋನ್ ಬಾಡಿಗೆ ಕೊಡುತ್ತಿದ್ದರು, ಜೊತೆಗೆ ಪ್ಲೇಟು ಮಾರುತ್ತಿದ್ದರು. 78ರ ಪ್ಲೇಟು ಅಂದರೆ ಮರದ ಮೇಲಿನ ಅರಗಿನ ಹುಳು ಕೊಡೋ ಅಂಟಿನಿಂದ ಮಾಡಿದ್ದು, ಕೈ ಜಾರಿದರೆ ಎರಡು ಹೋಳು. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಒಂದು ರಾಗವನ್ನು ಅಷ್ಟರಲ್ಲಿ ಹಾಡಿ ಮುಗಿಸಬೇಕಿತ್ತು. 1948ರಲ್ಲಿ ಅಮೆರಿಕದಲ್ಲಿ ಎಲ್.ಪಿ. ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ ನಮ್ಮ ಕಡೆ ಮನೆಮನೆಗೆ ಬರೋದಕ್ಕೆ ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕವೇ ಆಯಿತು. ಅದು ಬಂದ ಮೇಲೆ ಸೌಂಡ್ ಸರ್ವಿಸ್ ಹಿಂದೆ ಸರಿಯಿತು, ಅಂಗಡಿ ಕ್ಯಾಸೆಟ್ ಅಂಗಡಿಯಾಯಿತು.

ನಮ್ಮ ಕಡೆಯ ಸಂಗೀತಕ್ಕೂ ಬೀದಿಯಲ್ಲಿ ಕೇಳುವ ಪ್ಲೇಟಿಗೂ ಹಳೇ ನಂಟಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಗ್ರಾಮಫೋನ್ ದನಿ ಕೇಳಿದರೆ ಸಾಕು, ಮನೆಯಿಂದ ಬೀದಿಗೆ ಓಡುತ್ತಿದ್ದರಂತೆ. ಕೇಳಿದ್ದನ್ನು ಹಾಗೇ ಹಾಡಿ ನೋಡುತ್ತಿದ್ದರು. ಮುಂದೆ ಮೂವತ್ತರ ದಶಕದಲ್ಲಿ ಅವರದೇ ಪ್ಲೇಟುಗಳು ಗಾಂಧಾರಿ ಅನ್ನೋ ಹೆಸರಿನಲ್ಲಿ ಹೊರಬಂದವು. ಗದಗಿನ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಬ್ದುಲ್ ಕರೀಮ್ ಖಾನ್ ಅವರ ಝಿಂಝೋಟಿ ಠುಮ್ರಿಯ ರೆಕಾರ್ಡ್ ಕೇಳಿದರು. ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಹಾಡು ಬೇಕು ಅಂತ ಕೇಳಿ ತರಿಸಿಕೊಂಡ ಮಕ್ಕಳಲ್ಲ ಇವರು. ಓಡಾಡುವ ದಾರಿಯಲ್ಲಿ ಅದು ಕಿವಿಗೆ ಬಿತ್ತು, ಅಷ್ಟೇ. ಯಾರೋ ತಮ್ಮ ವ್ಯಾಪಾರಕ್ಕೆ, ತಮ್ಮ ಖುಷಿಗೆ ಪ್ಲೇಟು ಹಾಕಿದ್ದರು.

ಈ ಅಂಗಡಿಯಲ್ಲೂ ಅದೇ ಪದ್ಧತಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮಾಲಕರು ತಮಗೆ ಬೇಕಾದ್ದನ್ನು ಹಾಕುತ್ತಿದ್ದರು. ಒಂದು ದಿನ ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು, ಒಂದು ದಿನ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎರಡು ಮೇಳ ವಾದ ಹಾಡುವ ಹರದೇಶಿ-ನಾಗೇಶಿ ಸವಾಲ್-ಜವಾಬ್. ಹೊಸ ಸಿನಿಮಾದ ಕ್ಯಾಸೆಟ್ ಒಯ್ಯಲು ಬಂದ ಟೆಂಪೋ ಡ್ರೈವರ್ ಚಿಲ್ಲರೆಗೆ ಕಾಯುತ್ತ ನಿಂತಲ್ಲೇ ಅದನ್ನು ಕೇಳುತ್ತಿದ್ದ. ಯಾರದ್ರಿ ಇದು ಅಂತ ಕೇಳಿದರೆ ಆಯಿತು, ಮಾಲಕರು ಕೆಲಸ ಬಿಟ್ಟು ಹೇಳೋಕೆ ನಿಲ್ಲುತ್ತಿದ್ದರು. ನಾವು ಕಾಲೇಜು ಹುಡುಗರು ಕೈಯಲ್ಲಿ ದುಡ್ಡಿಲ್ಲದೆ ಸುಮ್ನೆ ಒಂದೊಂದೇ ಕ್ಯಾಸೆಟ್ ಎಳೆದು, ಹಿಂದಿನ ಚೀಟಿ ಓದಿ, ಮತ್ತೆ ಒಳಗಿಡುತ್ತ ತಾಸುಗಟ್ಟಲೆ ನಿಂತರೂ ಬೈಯುತ್ತಿರಲಿಲ್ಲ. "ಒಯ್ದು ಕೇಳ್ರಿ, ಬ್ಯಾಡಂದ್ರ ವಾಪಸ್ ತಂದು ಕೊಡ್ರಿ" ಅನ್ನೋದು ಅವರ ಮಾತು. ವಾಪಸ್ ಕೊಟ್ಟವರು ಕಮ್ಮಿ.

ಚೀಟಿ ಓದೋದು ಅಂದೆ. ಅದೂ ಒಂದು ವಿದ್ಯಾಭ್ಯಾಸವೇ ಆಗಿತ್ತು. ಎಚ್.ಎಂ.ವಿ. ಕಂಪನಿಯ ಎಲ್.ಪಿ. ಹಿಂಬದಿಯಲ್ಲಿ ರಾಗದ ಬಗ್ಗೆ ನಾಲ್ಕು ಮಾತು, ತಬಲಾ ಯಾರು, ಹಾರ್ಮೋನಿಯಂ ಯಾರು, ಎಲ್ಲ ಇರುತ್ತಿತ್ತು. ಮಾಲಕರಿಗೆ ರೆಕಾರ್ಡಿನ ನಂಬರೇ ಬಾಯಿಪಾಠ: ಇ.ಎ.ಎಲ್.ಪಿ. ಇಂಥದ್ದು, ಇ.ಸಿ.ಎಸ್.ಡಿ. ಇಂಥದ್ದು. ಇವತ್ತು ಫೋನಿನಲ್ಲಿ ಅದೇ ಧ್ವನಿಮುದ್ರಣ ಸಿಗುತ್ತದೆ, ಆದರೆ ಎಷ್ಟೋ ಕಡೆ ಸಾಥಿ ಕೊಟ್ಟವರ ಹೆಸರೇ ಇಲ್ಲ. ರಾಗದ ಹೆಸರು ತಪ್ಪಾಗಿರುತ್ತದೆ, ವರ್ಷ ಅಂದರೆ ಅದನ್ನು ಅಪ್‌ಲೋಡ್ ಮಾಡಿದ ವರ್ಷ. ಮಲ್ಲಿಕಾರ್ಜುನ ಮನ್ಸೂರರ ಹಾಗೆ ಅಪರೂಪದ ರಾಗಗಳನ್ನೇ ಆರಿಸಿ ಹಾಡಿದವರನ್ನು ಕೇಳುವಾಗ ಇದು ಸಣ್ಣ ಕೊರತೆ ಅಲ್ಲ.

ಅಂಗಡಿಯನ್ನು ಸಾಕುತ್ತಿದ್ದದ್ದು

ಹಿಂದುಸ್ತಾನಿ ಕಪಾಟಿನಿಂದ ಬಾಡಿಗೆ ಹುಟ್ಟುತ್ತಿರಲಿಲ್ಲ. ಇದನ್ನು ಮಾಲಕರೇ ಬಹಳ ಸಲ ಬಿಡಿಸಿ ಹೇಳಿದ್ದಾರೆ. ಒಂದು ಹೊಸ ಸಿನಿಮಾದ ಹಾಡು ಬಂತು ಅಂದರೆ ಮೊದಲ ಎರಡು ಮೂರು ವಾರ ಗಿರಾಕಿಗಳು ಸಾಲು ಹಚ್ಚುತ್ತಿದ್ದರು. ಒಂದು ಕ್ಯಾಸೆಟ್ಟಿನ ಲಾಭ ಕಮ್ಮಿ, ಆದರೆ ಮಾಲು ನಿಲ್ಲುತ್ತಿರಲಿಲ್ಲ. ಶ್ರಾವಣದಲ್ಲಿ, ದಸರೆಯಲ್ಲಿ ಭಕ್ತಿಗೀತೆ. ಗಣಪತಿ ಹಬ್ಬಕ್ಕೆ ಮತ್ತೆ ಸಿನಿಮಾ. ಇದರಲ್ಲಿ ಬಂದ ದುಡ್ಡಿನಿಂದ ಬಾಡಿಗೆ, ಕರೆಂಟು, ಹುಡುಗನ ಪಗಾರ ಎಲ್ಲ ಕಳೆದು, ಉಳಿದದ್ದರಲ್ಲಿ ಮಾಲಕರು ವರ್ಷಕ್ಕೆ ನಾಲ್ಕೈದು ಮಾತ್ರ ಮಾರುವಂಥ ಕ್ಯಾಸೆಟ್ಟುಗಳನ್ನು ತಂದಿಡುತ್ತಿದ್ದರು. ಒಂದು ರಾಗದ ಕ್ಯಾಸೆಟ್ ಮೂರು ವರ್ಷ ಕಪಾಟಿನಲ್ಲಿ ಕೂತು, ಒಂದು ದಿನ ಕುಂದಗೋಳದಿಂದ ಬಂದ ಯಾರೋ ಒಬ್ಬ ಮಾಸ್ತರು ಅದನ್ನು ನೋಡಿ ಹಿಗ್ಗುತ್ತಿದ್ದರು. ಆ ಮೂರು ವರ್ಷದ ಖರ್ಚನ್ನು ಸಿನಿಮಾ ಹಾಡು ಹೊತ್ತಿತ್ತು.

ಈ ಹೊಂದಾಣಿಕೆ ಅರ್ಥವಾಗದೆ ಈ ಅಂಗಡಿ ಮುಚ್ಚಿದ್ದು ಅರ್ಥವಾಗುವುದಿಲ್ಲ. ಸಂಗೀತ ಪ್ರೇಮಿಗಳು ಅಂಗಡಿಯನ್ನು ಉಳಿಸಿದ್ದರು ಅಂತ ನಾವು ಅಂದುಕೊಳ್ಳುತ್ತೇವೆ, ಅದು ಹಿತವಾದ ಮಾತು. ಉಳಿಸಿದ್ದು ನಿಜವಾಗಿ ಟೆಂಪೋದವರು, ಟ್ರ್ಯಾಕ್ಟರಿನವರು, ಹಾಸ್ಟೆಲ್ ಹುಡುಗರು, ಗಜಾನನ ಮಂಡಳಿಯವರು.

ಕಾಪಿ ಮಾಡೋದು

ಇನ್ನೊಂದು ಆದಾಯವೂ ಇತ್ತು, ಅದನ್ನು ಮುಚ್ಚಿಟ್ಟರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಗಿರಾಕಿ ಒಂದು ಹಾಳೆಯಲ್ಲಿ ಬೇಕಾದ ಹಾಡುಗಳ ಪಟ್ಟಿ ಬರೆದು ಕೊಡುತ್ತಿದ್ದ, ಇವರು ಖಾಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಅರವತ್ತು ನಿಮಿಷದ್ದು ಒಂದು ರೇಟು, ತೊಂಬತ್ತರದ್ದು ಇನ್ನೊಂದು. ಇಡೀ ದೇಶದ ಕ್ಯಾಸೆಟ್ ಅಂಗಡಿಗಳಲ್ಲಿ ನಡೆಯುತ್ತಿದ್ದ ವ್ಯವಹಾರ ಇದು. ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಕಳ್ಳತನ ಅಂತ ಎಣಿಸುತ್ತಿರಲಿಲ್ಲ. ಆ ಪಟ್ಟಿ ಮಾಡೋದರಲ್ಲೂ ಮಾಲಕರ ಕೈ ಇರುತ್ತಿತ್ತು. ಕೊನೆಗೆ ಐದು ನಿಮಿಷ ಜಾಗ ಉಳಿದರೆ ತಾವೇ ಒಂದು ತರಾನಾನೋ ವಚನವನ್ನೋ ಸೇರಿಸಿ ಕಳಿಸುತ್ತಿದ್ದರು. ಅದನ್ನು ಕೇಳಿ ಇದರ ಪೂರ್ತಿ ಕ್ಯಾಸೆಟ್ ಇದೆಯಾ ಅಂತ ಬಂದವರನ್ನು ನಾನೇ ನೋಡಿದ್ದೇನೆ.

ಆದರೆ ನಕಲು ಮಾಡೋದು ಸುಲಭ ಆಗುತ್ತ ಹೋದ ಹಾಗೆ ಅದಕ್ಕೆ ಅಂಗಡಿಯೇ ಬೇಡವಾಯಿತು. ಸಿ.ಡಿ. ಬಂತು, ಅದರ ಹಿಂದೆಯೇ ಎಂಪಿ3 ಡಿಸ್ಕು. ಒಂದೇ ತಟ್ಟೆಯಲ್ಲಿ ನೂರಕ್ಕಿಂತ ಹೆಚ್ಚು ಹಾಡು, ಫುಟ್‌ಪಾತ್ ಮೇಲೆ ಹಾಸಿಕೊಂಡು ಮಾರುತ್ತಿದ್ದರು. ಇವರು ಅಸಲಿ ಸಿ.ಡಿ.ಗೆ ದುಡ್ಡು ಹಾಕಿ ಮಾಲು ತುಂಬಿಕೊಂಡಿದ್ದರು. ಒಂದು ಸಿ.ಡಿ.ಯ ಬೆಲೆಯಲ್ಲಿ ನಾಲ್ಕೈದು ಕ್ಯಾಸೆಟ್ ಬರುತ್ತಿದ್ದವು, ಹಾಗಾಗಿ ಕೂತ ದುಡ್ಡೂ ದೊಡ್ಡದು. ಮಾರದಿದ್ದರೆ ಎಲ್ಲವನ್ನೂ ಕಂಪನಿ ವಾಪಸ್ ತಗೊಳ್ಳುತ್ತಿರಲಿಲ್ಲ.

ಆಮೇಲೆ ಮೆಮರಿ ಕಾರ್ಡು. ನನ್ನ ಪ್ರಕಾರ ಅಂಗಡಿಯ ಬೆನ್ನು ಮುರಿದದ್ದು ಇದೇ. 2008ರ ಆಸುಪಾಸಿನಿಂದ ನಮ್ಮ ಕಡೆ ಕಡಿಮೆ ಬೆಲೆಯ ಚೀನಾ ಫೋನುಗಳು ಬಂದವು, ಜೋರು ಸ್ಪೀಕರಿನವು. ಪ್ರತಿ ಮೊಬೈಲ್ ರಿಚಾರ್ಜ್ ಅಂಗಡಿಯಲ್ಲೂ ಒಂದು ಕಂಪ್ಯೂಟರು, ಅದರಲ್ಲಿ ಸಾವಿರಾರು ಹಾಡು. ಕಾರ್ಡ್ ಕೊಟ್ಟರೆ ಹತ್ತಿಪ್ಪತ್ತು ರೂಪಾಯಿಗೆ ತುಂಬಿಸಿ ಕೊಡುತ್ತಿದ್ದರು. ಎರಡು ಜಿ.ಬಿ. ಕಾರ್ಡಿನಲ್ಲಿ ನಾಲ್ಕುನೂರು ಹಾಡಿನ ಹತ್ತಿರ ಹಿಡಿಯುತ್ತಿತ್ತು. ಇಂಟರ್ನೆಟ್ ಇಲ್ಲದ ಫೋನಿಗೂ ಹಾಡು ಬಂತು. ನವಲಗುಂದದ ಹುಡುಗ ಹಾಡಿಗಾಗಿ ಧಾರವಾಡಕ್ಕೆ ಬರಬೇಕಾಗಿಲ್ಲ, ತನ್ನ ಊರಿನ ಬಸ್ ಸ್ಟ್ಯಾಂಡಿನಲ್ಲೇ ಕೆಲಸ ಮುಗಿಯಿತು. ಟ್ರ್ಯಾಕ್ಟರಿಗೆ, ಟೆಂಪೋಕ್ಕೆ ಪೆನ್‌ಡ್ರೈವ್ ಹಾಕುವ ಡಬ್ಬಿ ಬಂತು, ಕ್ಯಾಸೆಟ್ ಡೆಕ್ ಗುಜರಿಗೆ ಹೋಯಿತು. ಎಡಗಡೆ ಗೋಡೆ ಎರಡು ಮೂರು ವರ್ಷದಲ್ಲಿ ಸತ್ತಿತು. ಎಡಗೋಡೆ ಸತ್ತ ಮೇಲೆ ಬಲಗೋಡೆಯನ್ನು ಯಾರು ಸಾಕಬೇಕು?

ಹಾಡು ತುಂಬಿಸುವ ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಹೊಟ್ಟೆಪಾಡಿಗೆ ಕೂತವರು. ಕ್ಯಾಸೆಟ್ ಕೊಳ್ಳೋಕೆ ಆಗದಿದ್ದ ಎಷ್ಟೋ ಮನೆಗೆ ಅವರು ಹಾಡು ಮುಟ್ಟಿಸಿದ್ದಾರೆ. ಆದರೆ ಅಲ್ಲಿ ಆರಿಸುವ ಕೆಲಸವೇ ಇರಲಿಲ್ಲ. ಒಂದು ಫೋಲ್ಡರ್ ಪೂರ್ತಿ ಕಾಪಿ, ಪೂರ್ತಿ ಪೇಸ್ಟ್. ಎಲ್ಲರ ಕಾರ್ಡಿನಲ್ಲೂ ಅವೇ ಹಾಡು.

ಮಾಲಕರು ಮಾಡಿ ನೋಡಿದ್ದು

ಕೈಕಟ್ಟಿ ಕೂತವರಲ್ಲ ಅವರು. ಮೊದಲು ಸಿನಿಮಾ ಡಿ.ವಿ.ಡಿ. ಬಾಡಿಗೆ ಮಾಡಿದರು, ಅದು ಕೆಲ ವರ್ಷ ಅಂಗಡಿಯನ್ನು ಎಳೆಯಿತು. ಆಮೇಲೆ ಮೊಬೈಲ್ ಬಿಡಿಭಾಗ. ತಂಬೂರಿಯ ತಂತಿ, ತಬಲಾದ ಸಾಮಾನು, ಹಾರ್ಮೋನಿಯಂ ರಿಪೇರಿ ಮಾಡಿಸಿ ಕೊಡೋದು ಕೂಡ ಸುರು ಮಾಡಿದರು. ಧಾರವಾಡದಲ್ಲಿ ಸಂಗೀತ ಕಲಿಯುವವರು ಇದ್ದೇ ಇದ್ದಾರೆ ಅಲ್ವಾ, ಅದು ತಕ್ಕಮಟ್ಟಿಗೆ ನಡೆಯಿತು. ಹಳೇ ಕ್ಯಾಸೆಟ್ಟನ್ನು ಸಿ.ಡಿ. ಮಾಡಿಕೊಡುವ ಕೆಲಸಕ್ಕೂ ಬೋರ್ಡ್ ಹಾಕಿದರು. ಮದುವೆಯ, ಸತ್ಸಂಗದ, ತೀರಿಕೊಂಡವರ ದನಿಯ ಕ್ಯಾಸೆಟ್ಟುಗಳನ್ನು ಜನ ಹಿಡಿದುಕೊಂಡು ಬಂದರು. ಪುಣ್ಯದ ಕೆಲಸ, ಆದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು, ಕೂಲಿ ಗಿಟ್ಟುವುದಿಲ್ಲ.

ಈಗ ರೆಕಾರ್ಡ್ ಮತ್ತೆ ಬಂದಿದೆಯಂತಲ್ಲ, ಅದನ್ನು ಹಿಡಿದುಕೊಂಡು ಉಳಿಯಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಅಮೆರಿಕದಲ್ಲಿ 2008ರಿಂದ ಪ್ರತಿ ವರ್ಷ ಸ್ವತಂತ್ರ ರೆಕಾರ್ಡ್ ಅಂಗಡಿಗಳ ದಿನ ಆಚರಿಸುತ್ತಾರೆ, ಜನ ರಾತ್ರಿಯಿಂದಲೇ ಸಾಲು ನಿಲ್ಲುತ್ತಾರೆ. 2022ರಲ್ಲಿ ಅಲ್ಲಿ 4 ಕೋಟಿಗಿಂತ ಹೆಚ್ಚು ರೆಕಾರ್ಡ್ ಮಾರಾಟವಾದವು, 1987ರ ನಂತರ ಮೊದಲ ಸಲ ಸಿ.ಡಿ.ಗಳ ಸಂಖ್ಯೆಯನ್ನು ದಾಟಿದವು. ಅಲ್ಲಿಯದು ಅಲ್ಲಿಗೆ ಸರಿ. ಇಲ್ಲಿ ಒಂದು ಹೊಸ ಎಲ್.ಪಿ.ಗೆ ಎರಡು ಸಾವಿರದ ಮೇಲೆ ಬೆಲೆ, ಅದನ್ನು ಹಾಕುವ ಯಂತ್ರ ಬೇರೆ ಕೊಳ್ಳಬೇಕು. ಸಂಗೀತದ ಮಾಸ್ತರರ ಪಗಾರಕ್ಕೆ ಅದು ಹೊಂದುವುದಿಲ್ಲ. ಇಲ್ಲಿಗೆ ಬಂದದ್ದು ರೆಕಾರ್ಡ್ ಕೊಳ್ಳುವ ವ್ಯಾಪಾರಿಗಳು. ದೊಡ್ಡ ಊರುಗಳಿಂದ ಬಂದು, ಕೌಂಟರಿನ ಕೆಳಗಿನ ಎಲ್.ಪಿ.ಗಳಲ್ಲಿ ಕವರ್ ಚೆನ್ನಾಗಿದ್ದವನ್ನು ಆರಿಸಿ ಕಟ್ಟಿಕೊಂಡು ಹೋದರು. ಹೋಟೆಲ್ ಗೋಡೆಗೆ ಹಚ್ಚೋಕೆ ಅಂತ ಒಬ್ಬರು ಬಾಯಿಬಿಟ್ಟು ಹೇಳಿಯೂ ಹೇಳಿದರು.

ಮುಂಬೈನ ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿದಾಗ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಲೇಖನ ಬಂದವು. ಬರಬೇಕಾದದ್ದೇ. ನಮ್ಮ ಅಂಗಡಿ ಅದಾದ ಕೆಲವು ತಿಂಗಳಿಗೆ ಬಾಗಿಲು ಹಾಕಿತು, ಒಂದು ಸಾಲೂ ಬರಲಿಲ್ಲ. ಬಾಡಿಗೆ ಏರಿಸುತ್ತೇನೆ ಅಂತ ಜಾಗದವರು ಹೇಳಿದ್ದು ನೆಪವಾಯಿತು. ಮಾಲಕರ ಮಕ್ಕಳು ಬೇರೆ ಕೆಲಸದಲ್ಲಿದ್ದರು, ಯಾರೂ ಜಗಳವಾಡಲಿಲ್ಲ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಕಳೆದದ್ದು

ಹಾಡು ಹೋಗಿಲ್ಲವಲ್ಲ, ಎಲ್ಲ ಯೂಟ್ಯೂಬಿನಲ್ಲಿದೆ ಅನ್ನುತ್ತಾರೆ. ದೊಡ್ಡವರದ್ದು ಇದೆ, ಒಪ್ಪಿಕೊಳ್ಳುತ್ತೇನೆ. ಭೀಮಸೇನರದ್ದು, ಮನ್ಸೂರರದ್ದು, ಕುಮಾರ ಗಂಧರ್ವರದ್ದು ನಾನು ಕಾಲೇಜಿನಲ್ಲಿ ಕನಸಲ್ಲೂ ಎಣಿಸದಷ್ಟು ಸಿಗುತ್ತದೆ. ಕಛೇರಿಗಳ ಖಾಸಗಿ ರೆಕಾರ್ಡಿಂಗ್ ಕೂಡ ಇವೆ. ಇದಕ್ಕೆ ನಾನು ಋಣಿ, ದಿನಾ ಕೇಳುತ್ತೇನೆ.

ಆದರೆ ಬಲಗೋಡೆಯ ಕೊನೆಯ ಭಾಗವನ್ನು ನೆನೆಸಿಕೊಳ್ಳಿ. ಆ ಕ್ಯಾಸೆಟ್ಟುಗಳನ್ನು ದೊಡ್ಡ ಕಂಪನಿಗಳು ತಂದದ್ದಲ್ಲ. ಒಂದು ಮೇಳದವರು ಕೈಯಿಂದ ದುಡ್ಡು ಹಾಕಿ, ಯಾವುದೋ ಸಣ್ಣ ಸ್ಟುಡಿಯೋದಲ್ಲಿ ಒಂದು ರಾತ್ರಿ ಹಾಡಿ, ಕೆಲವು ನೂರು ಪ್ರತಿ ಮಾಡಿಸಿ, ಜಾತ್ರೆಯಲ್ಲಿ ಒಂದಿಷ್ಟು ಮಾರಿ, ಉಳಿದದ್ದನ್ನು ಇಂಥ ಅಂಗಡಿಗಳಲ್ಲಿ ಇಟ್ಟು ಹೋಗುತ್ತಿದ್ದರು. ಚೀಟಿಯ ಮೇಲೆ ಮೇಳದ ಫೋಟೋ, ಊರಿನ ಹೆಸರು, ಸಂಪರ್ಕಕ್ಕೆ ಒಂದು ಕಿರಾಣಿ ಅಂಗಡಿಯ ನಂಬರ್. ಸವಾಲಿಗೆ ಜವಾಬು ಕೊಡುವ ಹೆಣ್ಣುಮಗಳ ಹೆಸರು ಕೆಲವೊಮ್ಮೆ ಇರುತ್ತಿತ್ತು, ಕೆಲವೊಮ್ಮೆ "ಮತ್ತು ಸಂಗಡಿಗರು". ಇವುಗಳಲ್ಲಿ ಬರದ ವರ್ಷದ ಲಾವಣಿ ಇತ್ತು, ಬಾವಿ ತೋಡಿದ್ದರ ಮೇಲೆ ಪದ ಇತ್ತು. ಹಳ್ಳಿಯ ಜಗಳಗಳನ್ನು ಹೆಸರು ಮರೆಸಿ ಹಾಡಿದ್ದಿತ್ತು. ನಾನು ರಿವಾಯತ್ ಪದ ಮೊದಲು ಕೇಳಿದ್ದು ಇದೇ ಕಪಾಟಿನಿಂದ. ನಾನು ಅದು ಬೇಕು ಅಂತ ಹೋಗಿರಲಿಲ್ಲ. ರಾಜಗುರು ಅವರ ಕ್ಯಾಸೆಟ್ಟಿನ ಪಕ್ಕದ ಸಂದಿಯಲ್ಲಿ ಜಾಗ ಖಾಲಿ ಇತ್ತು ಅಂತ ಯಾರೋ ಅದನ್ನು ಅಲ್ಲಿ ತುರುಕಿದ್ದರು. ರಾಜಗುರು ಕೇಳುವವನಿಗೆ ಕರ್ಬಲಾದ ಶೋಕದ ಪದ ಕೇಳು ಅಂತ ಯಾವ ಆಪ್ ಹೇಳುತ್ತದೆ?

ಫೋನಿನಲ್ಲಿ ಹುಡುಕಬೇಕಾದರೆ ಏನು ಬೇಕು ಅಂತ ಮೊದಲೇ ಗೊತ್ತಿರಬೇಕು. ಆ ಮೇಳಗಳ ಹೆಸರು ನಮಗೆ ಗೊತ್ತಿಲ್ಲ. ಗೊತ್ತಿದ್ದರೂ ಯಾರೂ ಅಲ್ಲಿ ಏರಿಸಿಲ್ಲ. ಕಪಾಟಿಗೆ ಇದ್ಯಾವುದೂ ಬೇಕಿರಲಿಲ್ಲ, ಕಣ್ಣಿದ್ದವರು ಮುಂದೆ ನಿಂತರೆ ಸಾಕಿತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಸಂಗ್ರಹದಲ್ಲಿ ಜಾನಪದದ ಧ್ವನಿಮುದ್ರಣಗಳಿವೆ. ಆದರೆ ಅದು ಹೋಗಿ ಕೈಯಾಡಿಸಿ ಬರುವಂಥ ಜಾಗ ಅಲ್ಲ.

ಬಾಗಿಲು ಹಾಕಿದ ವಾರ ಸಿನಿಮಾ ಕ್ಯಾಸೆಟ್ಟುಗಳನ್ನು ಪ್ಲಾಸ್ಟಿಕ್ ಗುಜರಿಯವರು ತೂಕಕ್ಕೆ ಒಯ್ದರು. ಹಿಂದುಸ್ತಾನಿಯನ್ನು ಹಳೇ ಗಿರಾಕಿಗಳು ಹಂಚಿಕೊಂಡೆವು. ಊರಿನ ಮಾಲು ಅರ್ಧಕ್ಕರ್ಧ ಗುಜರಿಗೇ ಹೋಯಿತು, ನಾವು ಗೆಳೆಯರು ತಡೆದು ಉಳಿಸಿಕೊಂಡದ್ದು ಒಂದಿಷ್ಟು ರಟ್ಟಿನ ಪೆಟ್ಟಿಗೆ. ಅವನ್ನು ಈಗ ಒಬ್ಬರ ಮನೆಯಲ್ಲಿಟ್ಟು, ಬಿಡುವಿದ್ದಾಗ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ. ಮಾಲಕರೂ ಬಂದು ಕೂರುತ್ತಾರೆ. ಚೀಟಿ ಹರಿದು ಹೋದದ್ದನ್ನು ದನಿ ಕೇಳಿಯೇ ಇದು ಇಂಥ ಕಡೆಯ ಮೇಳ ಅಂತ ಅವರು ಗುರುತಿಸುತ್ತಾರೆ. ಆ ತಿಳಿವಳಿಕೆ ಬೇರೆ ಯಾರಿಗೂ ಇಲ್ಲ, ಅವರಿಗೂ ವಯಸ್ಸಾಗಿದೆ. ಹಾಗಾಗಿ ಅವರು ಹೇಳೋದನ್ನೆಲ್ಲ ಅಲ್ಲಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇವೆ.

ನಿಮ್ಮ ಮನೆಯಲ್ಲೂ ಇಂಥವು ಇರಬಹುದು. ಗದಗ, ಹಾವೇರಿ, ನವಲಗುಂದ, ಕಲಘಟಗಿ ಕಡೆಯ ಮನೆಗಳಲ್ಲಿ ಖಂಡಿತ ಇವೆ. ಸಿಕ್ಕರೆ ತಕ್ಷಣ ಟೇಪಿನಲ್ಲಿ ಹಾಕಬೇಡಿ. ಮೊದಲು ಚೀಟಿಯ ಎರಡೂ ಬದಿ, ಕ್ಯಾಸೆಟ್ಟಿನ ಎರಡೂ ಬದಿ ಫೋಟೋ ತೆಗೆಯಿರಿ. ಮೇಲ್ಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ, ಆಮೇಲೆ ಯಾರೂ ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಮಾಡಲಾರರು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಅದು ಯಂತ್ರಕ್ಕೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಒಳಗಿನ ಚಿಕ್ಕ ಫೆಲ್ಟ್ ಪ್ಯಾಡ್ ಉದುರಿದ್ದರೆ ಟೇಪನ್ನು ಬೇರೆ ಡಬ್ಬಿಗೆ ವರ್ಗಾಯಿಸಬಹುದು, ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಸುಲಭ. ಎಲ್ಲ ಸರಿ ಇದ್ದರೆ ಒಂದು ಸಲ ಕೊನೆವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಕೇಳಿಸಿ. 78ರ ಪ್ಲೇಟಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ ಲೆಕ್ಕ. ಗೀಗೀ ಮೇಳದ ಕ್ಯಾಸೆಟ್ಟುಗಳು ಅಷ್ಟು ಹಳೆಯವಲ್ಲ. ಹಾಗಾಗಿ ಚೀಟಿಯಲ್ಲಿರುವ ಊರಿಗೆ ಹೋಗಿ ಹಾಡಿದವರನ್ನೋ ಅವರ ಮಕ್ಕಳನ್ನೋ ಕಂಡು ಕೇಳಿಯೇ ಹಂಚಬೇಕು. ನಾವು ಹಾಗೇ ಮಾಡುತ್ತಿದ್ದೇವೆ. ಹೋದ ಕಡೆಯಲ್ಲೆಲ್ಲ, ಹೆಚ್ಚುಕಮ್ಮಿ ಎಲ್ಲರೂ, ತಮ್ಮ ಹತ್ತಿರ ಒಂದು ಪ್ರತಿಯೂ ಉಳಿದಿಲ್ಲ, ನಮಗೂ ಒಂದು ಕೊಡ್ರಿ ಅಂತಲೇ ಕೇಳಿದ್ದಾರೆ.